ಗುಡ್ಡದ ಎರಡು ಬದಿ

ಚಪಾತಿ ಅಕ್ಕನ ಎಡ ಅಂಗೈಯಲ್ಲಿ ಗೆರೆಗಳಿರಲಿಲ್ಲ. ಹರೆಯದ ಹತ್ತು ಹನ್ನೆರಡು ವರ್ಷ ಸಿಮೆಂಟು ಕಲಸಿ, ಇಟ್ಟಿಗೆ ಹೊತ್ತು, ಅಲ್ಲಿನ ಚರ್ಮ ಸವೆದುಹೋಗಿ ಮತ್ತೆ ಬಂದಿತ್ತು. ಬರುವಾಗ ಗೆರೆಗಳನ್ನು ತರಲು ಮರೆತಿತ್ತು. ಬಲ ಅಂಗೈ ಮಾತ್ರ ನಮ್ಮೆಲ್ಲರದರ ಹಾಗೇ ಇತ್ತು. ಅಕ್ಕ ಎಡಚಿ. ಹಿಟ್ಟು ನಾದುವುದು ಎಡಗೈ, ಕಾದ ತವದ ಮೇಲಿನ ಚಪಾತಿಯನ್ನು ಇಕ್ಕಳವಿಲ್ಲದೆ ಬೆರಳಲ್ಲೇ ಮಗುಚುವುದು ಎಡಗೈ, ಮಾತು ಸಾಕಾದಾಗ ಸುಮ್ಮನಿರಿ ಎಂದು ಗಾಳಿಯಲ್ಲಿ ಆಡಿಸುವುದೂ ಎಡಗೈ. ಒಮ್ಮೆ ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ ಕೂತಿದ್ದ ಜ್ಯೋತಿಷಿಯ ಮುಂದೆ ಆ ಕೈ ಚಾಚಿದ್ದರಂತೆ. ಅವನು ನೋಡಿದ, ಒರೆಸಿ ನೋಡಿದ, ಆಮೇಲೆ ಕೈಯನ್ನು ಹಿಂದಕ್ಕೆ ಕೊಟ್ಟನಂತೆ. "ಪಾಪ, ಅವಗ ಓದಾಕ ಏನೂ ಇರಲಿಲ್ರಿ," ಎಂದು ನನಗೆ ಹೇಳಿ ನಕ್ಕಿದ್ದರು.

ನಾನು ಮೈಸೂರಿನವಳು. ಬ್ಯಾಂಕಿನ ಕೆಲಸಕ್ಕೆಂದು ಈ ಮುಂಬೈ ಕಡೆ ಬಂದು ಇಪ್ಪತ್ತೈದು ವರ್ಷವಾಯಿತು. ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ವಸತಿ ಭಾಗದಲ್ಲಿ, ಗಾಳಿ ತಿರುಗಿದ ದಿನ ಕಾರ್ಖಾನೆಗಳ ವಾಸನೆ ಅಡುಗೆಮನೆಗೆ ಬರುವ ಕಟ್ಟಡದಲ್ಲಿ, ಮೂರನೆಯ ಮಹಡಿಯಲ್ಲಿ ಒಬ್ಬಳೇ ಇರುತ್ತೇನೆ. ನಮ್ಮ ಕಟ್ಟಡದ ಐದು ಮನೆಗಳಿಗೆ ಚಪಾತಿ ಮಾಡಿಕೊಡುತ್ತಿದ್ದವರು ಈ ಅಕ್ಕ, ವಿಜಯಪುರದ ಕಡೆಯವರು. ಮರಾಠಿಯವರಿಗೆ ಅವರು ಪೋಳೀವಾಲಿ ಮಾವಶಿ, ನನಗೆ ಚಪಾತಿ ಅಕ್ಕ. ನನಗಿಂತ ಹದಿನೈದು ವರ್ಷ ದೊಡ್ಡವರಾದ ಅವರು ನನ್ನನ್ನು ಅಕ್ಕಾರ ಎನ್ನುತ್ತಿದ್ದರು. ಬೇಡವೆಂದರೂ ಇಬ್ಬರೂ ಬಿಟ್ಟುಕೊಡಲಿಲ್ಲ.

ಅವರ ಒಂದು ಅಭ್ಯಾಸ ನನಗೆ ಬಹಳ ಇಷ್ಟ. ಯಾವ ಮನೆಗೆ ಹೊಸದಾಗಿ ಕಾಲಿಟ್ಟರೂ ಮೊದಲು ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಯಿಟ್ಟು ಕೇಳುತ್ತಿದ್ದರು. ಕೆಲಸ ಕೇಳಿಕೊಂಡು ಬಂದ ದಿನ ನನ್ನ ಅಡುಗೆಮನೆಯ ಗೋಡೆ ತಟ್ಟಿ, "ಇದರಾಗ ಉಸುಕು ಜಾಸ್ತಿ ಐತ್ರಿ, ಮೊಳಿ ಹೊಡೀಬ್ಯಾಡ್ರಿ," ಎಂದರು. ಲಕ್ಷಗಟ್ಟಲೆ ಸಾಲ ಮಾಡಿ ಕೊಂಡ ಮನೆ. ನನಗೆ ಕೋಪ ಬಂತು. ಆ ಭಾನುವಾರವೇ ಹಠದಿಂದ ಒಂದು ಮೊಳೆ ಹೊಡೆದೆ, ಗಾರೆ ಹಿಡಿ ಹಿಡಿಯಾಗಿ ಉದುರಿತು. ಸೋಮವಾರ ಅಕ್ಕ ಆ ತೂತನ್ನು ನೋಡಿದರು, ಅದರ ಮುಂದೆ ಕ್ಯಾಲೆಂಡರು ನೇತುಹಾಕಿದರು. ನನ್ನ ಸ್ವಭಾವವೇ ಹಾಗೆ; ನನಗೆ ಗೊತ್ತು ಎಂದುಕೊಂಡದ್ದನ್ನು ಇನ್ನೊಬ್ಬರು ಅಲ್ಲವೆಂದರೆ ಸಹಿಸುವುದಿಲ್ಲ. ಈ ಸ್ವಭಾವದ ಮಾತು ಮುಂದೆಯೂ ಬರುತ್ತದೆ.

ನನಗೊಂದು ಹುಚ್ಚಿತ್ತು. ನಲವತ್ತು ವರ್ಷದ ಹಿಂದಿನ ಒಂದು ಹಿಂದಿ ಪ್ರೇಮಚಿತ್ರ, ನನ್ನ ಅಪ್ಪ ಅಮ್ಮ ಜೊತೆಯಾಗಿ ನೋಡಿದ ಕೊನೆಯ ಚಿತ್ರ. ಕಟ್ಟಡದ ಕೆಲಸದ ಮೇಲ್ವಿಚಾರಕನಾದ ಹುಡುಗ, ಶಾಲೆಯಲ್ಲಿ ಪಾಠ ಹೇಳುವ ಹುಡುಗಿ; ಸೇರುವುದಿಲ್ಲ. ಸ್ಟುಡಿಯೋದ ಬಣ್ಣದ ಗೋಡೆಗಳ ಮಧ್ಯೆ ಅಲ್ಲ, ನಮ್ಮ ಇದೇ ಊರುಗಳಲ್ಲಿ ತೆಗೆದದ್ದು. ಠಾಣೆಯ ಕೆರೆಯ ದಂಡೆಯಲ್ಲಿ ಅವರಿಬ್ಬರೂ ಕಡಲೆಕಾಯಿ ತಿನ್ನುತ್ತಾರೆ, ಕಲ್ಯಾಣದ ಹಿನ್ನೀರಿನ ಖಾಡಿಯ ದಡದಲ್ಲಿ ಜಗಳವಾಡುತ್ತಾರೆ. ನಾನು ಚಿತ್ರದ ಒಂದೊಂದು ದೃಶ್ಯವನ್ನು ನಿಲ್ಲಿಸಿ, ಕಾಗದದ ಮೇಲೆ ಅಚ್ಚು ತೆಗೆದು, ಭಾನುವಾರಗಳಂದು ಆ ಜಾಗಕ್ಕೆ ಹೋಗಿ, ಕಾಗದವನ್ನು ಕಣ್ಣೆದುರು ಹಿಡಿದು, ಅವರು ನಿಂತಲ್ಲೇ ನಿಂತು ಫೋಟೋ ತೆಗೆಯುತ್ತಿದ್ದೆ. ಅಂದು ಹೀಗಿತ್ತು, ಇಂದು ಹೀಗಿದೆ ಎಂದು ಅಂತರ್ಜಾಲದಲ್ಲಿ ಹಾಕಿದರೆ ನನ್ನಂಥ ಹುಚ್ಚರು ನೂರಾರು ಜನ ಮೆಚ್ಚುತ್ತಿದ್ದರು. ಆ ಮೆಚ್ಚುಗೆ ನನ್ನ ತಲೆಗೆ ಏರಿತ್ತು ಎನ್ನುವುದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಉಳಿದದ್ದು ಕೊನೆಯ ದೃಶ್ಯ, ಅವರಿಬ್ಬರ ಅಗಲಿಕೆ. ಅರ್ಧ ಕಟ್ಟಿದ ಕಟ್ಟಡ. ತನಗೆ ಬೇರೆಡೆ ಮದುವೆ ಗೊತ್ತಾಗಿದೆಯೆಂದು ಹೇಳಲು ಬಂದ ಹುಡುಗಿ ಶಾಲು ಹೊದ್ದು ನಿಂತಿದ್ದಾಳೆ. ಹಿಂದೆ ಒಂದು ಗುಡ್ಡ, ಅಂಚಿನಲ್ಲಿ ದೊಡ್ಡದೊಂದು ಬಂಡೆ. ಎರಡು ಬಿದಿರು ಗಳುಗಳಿಗೆ ಸೀರೆಯ ಜೋಲಿ ಕಟ್ಟಿದೆ. ತಲೆಯ ಮೇಲೆ ಗಾರೆಯ ಕಬ್ಬಿಣದ ಬುಟ್ಟಿ ಹೊತ್ತ ಕೂಲಿಯ ಹೆಂಗಸೊಬ್ಬಳು ಜೋಲಿಯ ಪಕ್ಕ ಹಾದುಹೋಗುತ್ತಾಳೆ. ಆ ಕ್ಷಣಕ್ಕೇ ಹುಡುಗಿಯ ಕಣ್ಣಿಂದ ನೀರು ಇಳಿಯುತ್ತದೆ. ಮೇಲೆ ಹಾಡು. ಎಷ್ಟು ಸಲ ನೋಡಿದರೂ ನಾನು ಅಳುತ್ತಿದ್ದೆ. ಬದುಕು ತನ್ನ ಪಾಡಿಗೆ ನಡೆದೇ ಇರುತ್ತದೆ ಎಂದು ತೋರಿಸಲು ನಿರ್ದೇಶಕ ಆ ಜೋಲಿಯನ್ನು ಇಟ್ಟನೆಂದು ದೊಡ್ಡದಾಗಿ ಬರೆದೂ ಇದ್ದೆ.

ಒಂದು ಬೆಳಿಗ್ಗೆ ಆ ದೃಶ್ಯದ ಕಾಗದ ಊಟದ ಮೇಜಿನ ಮೇಲಿತ್ತು. ಅಕ್ಕ ಹಿಟ್ಟಿನ ಕೈಯಲ್ಲೇ ಬಂದು ಬಗ್ಗಿ ನೋಡಿದರು.

"ಇದು ನನ್ನ ಸೀರಿ," ಎಂದರು.

ಕೂಲಿಯ ಹೆಂಗಸು ಉಟ್ಟ ಸೀರೆಯ ಮಾತಾಡುತ್ತಿದ್ದಾರೆ ಎಂದುಕೊಂಡೆ. ಅಂಥ ಸೀರೆ ಎಲ್ಲರ ಹತ್ತಿರವೂ ಇರುತ್ತಿತ್ತಲ್ಲವೇ ಎಂದೆ. ಅಕ್ಕ ಬೆರಳಿಟ್ಟದ್ದು ಜೋಲಿಯ ಮೇಲೆ.

"ಇದು, ಇದು. ಕೂಸು ಮಲಗಿಸಿದ್ದು. ನನ್ನ ಮದವಿ ಸೀರಿ."

ನಾನು ಲ್ಯಾಪ್‌ಟಾಪಿನಲ್ಲಿ ಆ ದೃಶ್ಯ ಹಾಕಿದೆ. ನಾಲ್ಕೇ ನಾಲ್ಕು ಸೆಕೆಂಡು. ಹೆಂಗಸು ಹಾದುಹೋಗುತ್ತಾಳೆ, ಜೋಲಿ ಅಲುಗುತ್ತದೆ, ಅದರ ಅಂಚಿನಿಂದ ಒಂದು ಪುಟ್ಟ ಪಾದ ಹೊರಬಂದು ಮತ್ತೆ ಒಳಗೆ ಹೋಗುತ್ತದೆ. ನೂರು ಸಲ ನೋಡಿದ ನಾನು ಆ ಪಾದವನ್ನು ಅಂದಿನವರೆಗೆ ಕಂಡಿರಲಿಲ್ಲ. ಅಕ್ಕ ಕುಳಿತುಕೊಳ್ಳಲಿಲ್ಲ, ಕುರ್ಚಿಯ ಬೆನ್ನು ಹಿಡಿದು ನಿಂತೇ ನೋಡಿದರು. ಎರಡನೆಯ ಸಲ ಹಾಕುವ ಮೊದಲು ಹೇಳಿದರು:

"ಹಾಡು ಬಂದ್ ಮಾಡ್ರಿ. ಅದರ ಬುಡಕ ನನ್ನ ಕೂಸು ಅಳಾಕತ್ತೈತಿ."

ಅವತ್ತು ಚಪಾತಿ ಆಗಲಿಲ್ಲ. ಅಕ್ಕ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ. "ಮೂರು ದಿನ ಶೂಟಿಂಗ್ ಇತ್ರಿ. ಕೆಲಸ ನಿಲ್ಲಸಬ್ಯಾಡ್ರಿ, ನಿಮ್ಮ ಪಾಡಿಗೆ ನೀವು ಮಾಡಕೋತ ಇರ್ರಿ ಅಂದ್ರು. ಎರಡನೇ ದಿನ ಕೂಸಿನ ಮೈ ಸುಡಾಕತ್ತಿತ್ತು. ದವಾಖಾನಿಗೆ ಹೋಗಿ ಬರತೀನಿ ಅಂತ ನಮ್ಮ ಮೇಸ್ತ್ರಿ ಮುಕಾದಮಗ ಕೇಳಿದೆ. ಆವಾ ಹೋಗಿ ಅವರನ್ನ ಕೇಳಿ ಬಂದ. ಆ ಹೆಣಮಗಳೂ ಬೇಕು, ಜೋಲೀನೂ ಬೇಕು, ನಿನ್ನೆ ಪಿಚ್ಚರಿನ್ಯಾಗ ಬಂದುಬಿಟ್ಟೈತಿ, ಇವತ್ತ ಇಲ್ಲದಿದ್ರ ಹೊಂದಂಗಿಲ್ಲ ಅಂದ್ರಂತ. ಅದ ಬುಟ್ಟಿ ಹೊತಗೊಂಡು ಅದ ದಾರೀಲೆ ಎಷ್ಟ ಸಲ ನಡದೆನೋ. ಆ ಹೀರೋಯಿನ್ನಿಗೆ ಅಳು ಬರವಲ್ದು, ನನ್ನ ಕೂಸಿಗೆ ಅಳು ನಿಲ್ಲವಲ್ದು."

ಶೂಟಿಂಗ್ ಮುಗಿದ ಮರುದಿನ ಕೂಸು ಹೋಯಿತು. ಎಂಟು ತಿಂಗಳ ಹೆಣ್ಣು. ಊರಿಗೆ ಹೋದಾಗ ಹೆಸರಿಡೋಣವೆಂದು ಹೆಸರನ್ನೂ ಇಟ್ಟಿರಲಿಲ್ಲ. ಸಿಮೆಂಟಿನ ಗೋದಾಮಿನ ಹಿಂದಿದ್ದ ಆ ದೊಡ್ಡ ಬಂಡೆಯ ಪಕ್ಕದಲ್ಲಿ ಮಣ್ಣು ಮಾಡಿದರು. ಮಣ್ಣು ಮಾಡಿದ ಮೂರನೆಯ ದಿನ ಆ ಜಾಗಕ್ಕೆ ಹೋಗಿ ಹಾಲುತುಪ್ಪ ಎರೆದು ಬರುವುದು ಅವರ ಕಡೆಯ ಪದ್ಧತಿ. ಎರೆಯದಿದ್ದರೆ ಹೋದ ಜೀವ ಹಸಿದುಕೊಂಡು ಅಲ್ಲೇ ಕಾಯುತ್ತಿರುತ್ತದೆ ಎನ್ನುತ್ತಾರೆ. ಎರಡನೆಯ ದಿನವೇ ಮುಕಾದಮ ಆಳುಗಳನ್ನೆಲ್ಲ ಟ್ರಕ್ಕಿಗೆ ಹತ್ತಿಸಿ ಭಿವಂಡಿಯ ಇನ್ನೊಂದು ಕೆಲಸಕ್ಕೆ ಒಯ್ದ. ಹಾಲು ಎರೆಯಲಾಗಲಿಲ್ಲ. ಗಂಡ ತೀರಿಕೊಂಡ ಮೇಲೆ ಅಕ್ಕ ಒಬ್ಬರೇ ಎರಡು ಮೂರು ಸಲ ಹುಡುಕಿಕೊಂಡು ಹೋಗಿದ್ದರಂತೆ. ಎಲ್ಲ ಕಡೆ ಕಟ್ಟಡ, ಎಲ್ಲ ಕಡೆ ಗುಡ್ಡ. ಗೊತ್ತಾಗಲಿಲ್ಲ.

"ಊರಿನ ಹೆಸರು ಏನು ಅಂತಿದ್ರು ಅಕ್ಕ?" ಎಂದು ಕೇಳಿದೆ.

"ಊರ ಎಲ್ಲಿತ್ತರಿ ಆಗ? ನಾವ ಕಟ್ಟಾಕತ್ತಿದ್ವಿ."

ನಾನು ಹುಡುಕಿಕೊಡುತ್ತೇನೆ ಎಂದೆ. ಹೇಳುವಾಗ ಎದೆ ಉಬ್ಬಿತ್ತು. ನನ್ನ ಕೆಲಸವೇ ಅದಲ್ಲವೇ? ಆ ದೃಶ್ಯವನ್ನು ನವಿ ಮುಂಬೈಯಲ್ಲಿ ತೆಗೆದರೆಂದು ಎಲ್ಲೋ ಓದಿದ್ದೆ. ಅಲ್ಲಿನ ಪಾರಸಿಕ್ ಗುಡ್ಡದ ಸಾಲನ್ನು ಸುತ್ತಿ, ಕಾಗದ ಹಿಡಿದು ಹಿಡಿದು, ಮೂರನೆಯ ಭಾನುವಾರ ಬೇಲಾಪುರದ ಬದಿಯಲ್ಲಿ ಕಂಡುಹಿಡಿದೆ. ಚಿತ್ರದಲ್ಲಿ ಗುಡ್ಡದ ನೆತ್ತಿಯ ಎಡಕ್ಕೆ ಒಂದು ತಗ್ಗು, ಬಲಕ್ಕೆ ಉದ್ದದ ಇಳಿಜಾರು. ಅಲ್ಲಿಯೂ ಥೇಟ್ ಹಾಗೇ. ಗೆರೆಗೆ ಗೆರೆ ಕೂಡಿತು. ಗುಡ್ಡದ ಬುಡದಲ್ಲಿ ವಿದ್ಯುತ್ತಿನ ಒಂದು ಪೆಟ್ಟಿಗೆ, ಅದರ ಹಿಂದೆ ಯಾರೂ ಬಳಸದ ಪೊದೆ ಬೆಳೆದ ತುಂಡು ನೆಲ.

ಎಳ್ಳಮಾವಾಸ್ಯೆಯ ದಿನ ಅಕ್ಕನನ್ನು ಕರೆದುಕೊಂಡು ಹೋದೆ. ಡೊಂಬಿವಲಿಯಿಂದ ಠಾಣೆ, ಠಾಣೆಯಲ್ಲಿ ಪನವೇಲ್ ಗಾಡಿ, ಬೇಲಾಪುರದಲ್ಲಿ ಇಳಿದು ಆಟೋ. ಅಕ್ಕ ಹಾಲಿನ ಬಾಟಲಿಯನ್ನು ಸೆರಗಿನಲ್ಲಿ ಸುತ್ತಿ ಎದೆಗೊತ್ತಿಕೊಂಡು ಬಂದಿದ್ದರು, ಒಂದು ಡಬ್ಬಿಯಲ್ಲಿ ತುಪ್ಪ. ಜಾಗ ತಲುಪಿದಾಗ ಬೆಳಗಿನ ಎಂಟೂವರೆ. ಸುತ್ತ ನೋಡಿದರು, ಕಣ್ಣಿಗೆ ಕೈ ಅಡ್ಡ ಹಿಡಿದು ಗುಡ್ಡ ನೋಡಿದರು.

"ಅಲ್ಲಿ ಮುಂಜಾನೆ ನೆಳ್ಳ ಇರತಿತ್ರಿ. ಹೊತ್ತು ಗುಡ್ಡ ಏರಿ ಬರೂತನಕ ಥಂಡಿ. ಇಲ್ಲಿ ಬಿಸಿಲು ಗುಡ್ಡಕ್ಕ ಮೊದಲ ಬಡದೈತೆಲ್ಲ?"

"ನಲವತ್ತು ವರ್ಷ ಆಯ್ತಲ್ಲ ಅಕ್ಕ, ದಿಕ್ಕು ಮರೆತಿರ್ತೀರ. ಫೋಟೋ ಸುಳ್ಳು ಹೇಳಲ್ಲ."

"ಬಂಡೆಗಲ್ಲೂ ಕಾಣವಲ್ದು."

"ರಸ್ತೆ ಮಾಡೋವಾಗ ಒಡೆದಿರ್ತಾರೆ."

ಅಕ್ಕ ನನ್ನನ್ನು ಒಂದು ಕ್ಷಣ ನೋಡಿದರು. ನನ್ನ ಕೈಯಲ್ಲಿ ಅಚ್ಚಾದ ಕಾಗದವಿತ್ತು. "ನೀವು ಕಲತವರು," ಎಂದು ಕುಕ್ಕರುಗಾಲಲ್ಲಿ ಕುಳಿತು, ಎಡಗೈಯಿಂದ ಒಣಹುಲ್ಲು ಸರಿಸಿ, ಹಾಲು ಎರೆದರು, ತುಪ್ಪ ಬಿಟ್ಟರು. "ಬಂದೀನಿ. ಕುಡಿ," ಎಂದರು. ಅಷ್ಟೇ. ನಲವತ್ತು ವರ್ಷ ಕೂಡಿಟ್ಟ ಮಾತು ಎರಡೇ. ನಾನು ಆಚೆ ತಿರುಗಿ ನಿಂತು ಅತ್ತೆ. ಅಳು ಮುಗಿದ ಮೇಲೆ ಫೋಟೋ ತೆಗೆದೆ, ಅದನ್ನೂ ಬಚ್ಚಿಡುವುದಿಲ್ಲ.

ಆಮೇಲೆ ಅಕ್ಕ ಪ್ರತಿ ಅಮಾವಾಸ್ಯೆ ಅಲ್ಲಿಗೆ ಹೋಗತೊಡಗಿದರು. ಐದು ಮನೆಯ ಚಪಾತಿ ಮುಗಿಸಿ, ಒಂದು ಬಾಟಲಿ ಹಾಲು ಹಿಡಿದು, ಮೂರು ಗಂಟೆಯ ಪ್ರಯಾಣ. ರಜೆಯ ದಿನ ಬಂದರೆ ನಾನೂ ಹೋಗುತ್ತಿದ್ದೆ. ಪೆಟ್ಟಿಗೆಯ ಹಿಂದಿನ ಆ ನೆಲದಲ್ಲಿ ಒಂದು ಬಗೆಯ ಮೌನವಿತ್ತು. ರಸ್ತೆ ಹತ್ತಿರವೇ ಇದ್ದರೂ ಅಲ್ಲಿ ಕುಳಿತರೆ ಸದ್ದು ದೂರವಾಗುತ್ತಿತ್ತು, ನನ್ನ ಬೆನ್ನ ಹಿಂದೆ ಯಾರೋ ಉಸಿರು ಹಿಡಿದು ನಿಂತಿದ್ದಾರೆ ಅನ್ನಿಸುತ್ತಿತ್ತು. ಅಕ್ಕನಿಗೆ ಹೇಳಿದೆ. "ಇರತಾವ್ರಿ," ಎಂದರು, ಹಾಲು ಎರೆಯುತ್ತಲೇ. ಆ ಎರಡು ವರ್ಷದಲ್ಲಿ ಅಕ್ಕನ ಮುಖ ಬೇರೆಯಾಯಿತು. ತವದ ಮುಂದೆ ಏನೋ ಗುನುಗುತ್ತಿದ್ದರು. ಭಿವಂಡಿಯ ಗೋದಾಮಿನಲ್ಲಿ ಸಾಮಾನು ಹೊರುವ ಮಗನಿಗೂ ಹೇಳಿದ್ದರಂತೆ, ನಿನ್ನ ಅಕ್ಕ ಸಿಕ್ಕಿದಳು ಎಂದು. ನಾನು ಮಾತ್ರ ಆ ಹಾಡು ಕೇಳುವುದನ್ನು ಬಿಟ್ಟೆ. ಲೋಕಲ್ ಗಾಡಿಯಲ್ಲಿ ಯಾರ ಫೋನಿನಲ್ಲಾದರೂ ಅದು ಬಂದರೆ ಮುಂದಿನ ಸ್ಟೇಷನ್ನಿನಲ್ಲಿ ಇಳಿದುಬಿಡುತ್ತಿದ್ದೆ. ಹಾಡಿನ ಬುಡದಲ್ಲಿ ನನಗೂ ಕೇಳುತ್ತಿತ್ತು.

ಎರಡು ವರ್ಷದ ಮೇಲೆ ಆ ಚಿತ್ರವನ್ನು ಯಾರೋ ಚೆನ್ನಾಗಿ ತೊಳೆದು, ಸ್ವಚ್ಛವಾದ ಪ್ರತಿ ಮಾಡಿ ಬಿಟ್ಟರು. ಒಂದು ಬೆಳಿಗ್ಗೆ ಶಬ್ದ ತೆಗೆದು ಆ ದೃಶ್ಯ ಹಾಕಿಕೊಂಡು ಕುಳಿತಿದ್ದೆ. ಅಂಗಡಿಯವನು ಬಾಗಿಲಲ್ಲಿ ಹತ್ತು ಕಿಲೋ ಗೋಧಿಹಿಟ್ಟಿನ ಚೀಲ ಇಟ್ಟುಹೋಗಿದ್ದ. ಅಕ್ಕ ಅದನ್ನು ಎತ್ತಿ ತಲೆಯ ಮೇಲಿಟ್ಟು, ಎಡಗೈ ಆನಿಸಿ, ಲ್ಯಾಪ್‌ಟಾಪಿನ ಪಕ್ಕದಲ್ಲೇ ಹಾದು ಅಡುಗೆಮನೆಗೆ ಹೋದರು. ಪರದೆಯಲ್ಲೂ ಅದೇ ನಡಿಗೆ, ಅದೇ ಕುತ್ತಿಗೆ. ಆದರೆ ಬುಟ್ಟಿಗೆ ಆನಿಸಿದ್ದು ಬಲಗೈ.

ನಾಯಕನ ಅಂಗಿ ನೋಡಿದೆ. ಹಿಂದಿನ ದೃಶ್ಯದಲ್ಲಿ ಎಡ ಎದೆಯ ಮೇಲಿದ್ದ ಜೇಬು ಇಲ್ಲಿ ಬಲಕ್ಕಿತ್ತು. ಅಷ್ಟು ಸಾಕಾಯಿತು. ಅದಕ್ಕೂ ಮುಂಚಿನ ದೃಶ್ಯದಲ್ಲಿ ಹುಡುಗಿ ಎಡದಿಂದ ಬಲಕ್ಕೆ ನಡೆದು ಬರುತ್ತಾಳೆ. ಇಲ್ಲಿಯೂ ಹಾಗೇ ಕಾಣಲೆಂದು ಸಂಕಲನದ ಮೇಜಿನ ಮೇಲೆ ರೀಲನ್ನು ಮಗುಚಿ ಹಾಕಿದ್ದರು. ಕನ್ನಡಿಯಲ್ಲಿ ಕಂಡಂತೆ ಎಲ್ಲ ಎಡಬಲವಾಗಿತ್ತು, ಗುಡ್ಡವೂ. ಒಂದು ಬದಿಯಿಂದ ಬಲಕ್ಕೆ ಕಾಣುವ ತಗ್ಗು ಹಿಂಬದಿಗೆ ಹೋಗಿ ನೋಡಿದರೆ ಎಡಕ್ಕೆ ಕಾಣುತ್ತದೆ. ನಾನು ಅಕ್ಕನನ್ನು ಎರಡು ವರ್ಷ ಗುಡ್ಡದ ತಪ್ಪು ಬದಿಗೆ ಕಳಿಸಿದ್ದೆ. ಹೊತ್ತು ಗುಡ್ಡದ ಮೇಲಿಂದ ಏಳುವ ಬದಿ ಆಚೆಯದು, ನೆರೂಲಿನ ಕಡೆಯದು. ಅಕ್ಕ ಮೊದಲ ದಿನವೇ ಅದನ್ನು ಹೇಳಿದ್ದರು.

ನಾನು ತಕ್ಷಣ ಹೇಳಲಿಲ್ಲ. ಹೇಳಬಾರದು ಎಂಬುದಕ್ಕೆ ಒಳ್ಳೊಳ್ಳೆಯ ಕಾರಣಗಳನ್ನು ಹುಡುಕಿಕೊಂಡೆ. ಅವರಿಗೆ ನೆಮ್ಮದಿ ಸಿಕ್ಕಿದೆ, ಮಣ್ಣು ಎಲ್ಲಿಯದಾದರೇನು, ಈ ವಯಸ್ಸಿನಲ್ಲಿ ಮತ್ತೆ ಕೆದಕುವುದೇಕೆ. ನಿಜವಾದ ಕಾರಣ ಒಂದೇ, ನಾಚಿಕೆ. ಆ ತಿಂಗಳ ಅಮಾವಾಸ್ಯೆ ಭಾನುವಾರ ಬಂತು. ಜೊತೆಗೆ ಹೋದೆ. ಅಕ್ಕ ಪೊದೆ ಸರಿಸಿ ಹಾಲು ಎರೆದು "ಬಂದೀನಿ, ಕುಡಿ" ಎನ್ನುವುದನ್ನು ಪಕ್ಕದಲ್ಲಿ ನಿಂತು ನೋಡಿದೆ. ನನ್ನ ಬದುಕಿನಲ್ಲಿ ಅಷ್ಟು ಕೆಟ್ಟವಳಾಗಿ ನಾನು ಎಂದೂ ನಿಂತಿಲ್ಲ. ಮರುದಿನ ಬೆಳಿಗ್ಗೆ, ಅವರು ಹಿಟ್ಟು ನಾದುತ್ತಿದ್ದಾಗ, ಎಲ್ಲವನ್ನೂ ಹೇಳಿದೆ.

ಅಕ್ಕನ ಕೈ ಹಿಟ್ಟಿನಲ್ಲೇ ನಿಂತಿತು.

"ಅವತ್ತ ನಾ ಹೊತ್ತಿನ ಮಾತು ಹೇಳಿದ್ದೆ."

"ಹೇಳಿದ್ರಿ ಅಕ್ಕ."

"ಬಂಡೆಗಲ್ಲಿನ ಮಾತೂ ಹೇಳಿದ್ದೆ."

"ಹೇಳಿದ್ರಿ."

"ಫೋಟೋ ಸುಳ್ಳು ಹೇಳಂಗಿಲ್ಲ ಅಂದ್ರಿ ನೀವು."

"ಅಂದೆ."

ಅವರು ಕೂಗಾಡಿದ್ದರೆ ಚೆನ್ನಾಗಿತ್ತು. ನಲ್ಲಿಯಡಿ ಕೈ ತೊಳೆದರು, ಬೆರಳ ಸಂದುಗಳನ್ನೂ ತೊಳೆದರು, ಸೆರಗಿನಲ್ಲಿ ಒರೆಸಿಕೊಂಡು ಚಪ್ಪಲಿ ಮೆಟ್ಟಿ ಹೋದರು. ಅರ್ಧ ನಾದಿದ ಹಿಟ್ಟು ಪರಾತದಲ್ಲಿ ಉಳಿಯಿತು. ಉಳಿದ ನಾಲ್ಕು ಮನೆಗಳಿಗೆ ಮಾಮೂಲಿನಂತೆ ಬರುತ್ತಿದ್ದರು. ಮೆಟ್ಟಿಲ ಮೇಲೆ ಎದುರಾದರೆ ಗೋಡೆಯ ಕಡೆ ನೋಡಿಕೊಂಡು ಇಳಿಯುತ್ತಿದ್ದರು. ನಾನು ಬ್ರೆಡ್ಡು ತಿಂದುಕೊಂಡಿದ್ದೆ. ಅಂತರ್ಜಾಲದಲ್ಲಿ ಹಾಕಿದ್ದ ಆ ಜಾಗದ ಫೋಟೋ ಅಳಿಸಿದೆ, ಹಿಂದೆಯೇ ಉಳಿದವನ್ನೂ ಅಳಿಸಿದೆ. ರಜೆ ಹಾಕಿ ಒಬ್ಬಳೇ ನೆರೂಲಿನ ಬದಿಗೆ ಹೋಗಿ, ಚಿತ್ರವನ್ನು ತಿರುಗಿಸಿ ಅಚ್ಚು ತೆಗೆದ ಕಾಗದ ಹಿಡಿದು ನಡೆದೆ. ಈ ಸಲ ಗೆರೆ ಕೂಡಿದ್ದನ್ನು ನಾನು ನಂಬಲಿಲ್ಲ. ಒಂದು ಹೌಸಿಂಗ್ ಸೊಸೈಟಿಯ ಗೇಟಿನ ಸಂದಿಯಿಂದ ಒಳಗೆ ಆ ಬಂಡೆ ಕಂಡ ಮೇಲೆಯೇ ನಂಬಿದೆ.

ಹನ್ನೊಂದನೆಯ ದಿನ ಅಕ್ಕ ಬಂದು ಬಾಗಿಲಲ್ಲೇ ನಿಂತರು. ಕ್ಷಮಿಸಿದೆ ಎನ್ನಲಿಲ್ಲ. ಆ ಮಾತನ್ನು ಅವರು ಕೊನೆಯವರೆಗೂ ಹೇಳಲಿಲ್ಲ. "ಅಮಾಸಿ ಯಾವತ್ತು ಐತಿ ನೋಡ್ರಿ," ಎಂದರು.

ನೆರೂಲಿನ ಆ ಸೊಸೈಟಿಯ ಗೇಟಿನಲ್ಲಿ ಕಾವಲಿನವನು ತಡೆದ. ಉತ್ತರ ಪ್ರದೇಶದ ಕಡೆಯ ಮುದುಕ. ಮುಂದೆ ದಪ್ಪನೆಯ ರಿಜಿಸ್ಟರು. "ಕಿಸ್ಸೇ ಮಿಲ್ನಾ ಹೈ? ಫ್ಲ್ಯಾಟ್ ನಂಬರ್?" ಎಂದು, ಯಾರನ್ನು ಕಾಣಬೇಕೆಂದು ಕೇಳಿದ. ನಾನೊಂದು ಸುಳ್ಳು ಸಿದ್ಧಮಾಡಿಕೊಂಡಿದ್ದೆ. ಅಕ್ಕ ಎಡಗೈ ಆಡಿಸಿ ನನ್ನನ್ನು ಸುಮ್ಮನಿರಿಸಿದರು.

"ಬೇಟೀ ಸೇ," ಮಗಳನ್ನು, ಎಂದರು. "ಯೇ ಬಿಲ್ಡಿಂಗ್ ಹಮ್ನೇ ಬಾಂಧಾ. ತಬ್ ಮೇರಾ ಬಚ್ಚಾ ಮರ್ ಗಯಾ. ವೋ ಪತ್ಥರ್ ಕೇ ಬಾಜೂ ಮೇ ಗಾಡಾ ಹೈ." ಈ ಕಟ್ಟಡ ಕಟ್ಟಿದ್ದು ನಾವು, ಆಗ ಸತ್ತ ನನ್ನ ಕೂಸನ್ನು ಆ ಕಲ್ಲಿನ ಪಕ್ಕ ಹೂಳಿದೆ ಎಂದು.

ಅವನು ಅಕ್ಕನ ಮುಖ ನೋಡಿದ, ಸೆರಗಿನಲ್ಲಿ ಸುತ್ತಿದ ಬಾಟಲಿ ನೋಡಿದ. ಆಮೇಲೆ ರಿಜಿಸ್ಟರನ್ನು ತನ್ನ ಕಡೆ ಎಳೆದುಕೊಂಡು, ಅಕ್ಕನ ಹೆಸರು ಕೇಳಿ ಬರೆದು, ಯಾರನ್ನು ಕಾಣಬೇಕು ಎಂಬಲ್ಲಿ 'ಬೇಟೀ' ಎಂದು ಬರೆದು, ಫ್ಲ್ಯಾಟ್ ನಂಬರಿನ ಕಡೆ ಒಂದು ಗೆರೆ ಎಳೆದ. "ಜಾವ್ ಮಾಯೀ," ಎಂದ.

ಬಂಡೆಗೆ ಸುಣ್ಣ ಬಳಿದಿದ್ದರು, ಪಕ್ಕದಲ್ಲಿ ನೀರಿನ ಪಂಪು. ಬೆಳಗಿನ ಒಂಬತ್ತಾದರೂ ಅಲ್ಲಿ ನೆರಳು. ಗುಡ್ಡದ ನೆತ್ತಿಯಲ್ಲಿ ಬೆಳಕು ಆಗಷ್ಟೇ ಇಣುಕುತ್ತಿತ್ತು. ಅಕ್ಕ ಬಂಡೆಯನ್ನು ಗೆಣ್ಣಿನಿಂದ ತಟ್ಟಿ ಕಿವಿಯಿಟ್ಟರು. ನನ್ನ ಫೋನು ಕೇಳಿದರು. ತಿರುಗಿಸಿ ಸರಿಮಾಡಿದ ದೃಶ್ಯವನ್ನು ಶಬ್ದವಿಲ್ಲದೆ ಹಾಕಿಕೊಟ್ಟೆ. ಎಡಗೈ ಆನಿಸಿ ಬುಟ್ಟಿ ಹೊತ್ತ ಇಪ್ಪತ್ತು ವರ್ಷದ ಹೆಂಗಸು ಜೋಲಿಯ ಪಕ್ಕ ಹಾದುಹೋದಳು. "ಹಾಂ. ಈಗ ಇದು ನಾನ," ಎಂದರು. ಕುಕ್ಕರುಗಾಲಲ್ಲಿ ಕುಳಿತು ಹಾಲು ಎರೆದರು, ತುಪ್ಪ ಬಿಟ್ಟರು. "ಬಂದೀನಿ" ಎನ್ನಲು ಹೋದರು, ಆಗಲಿಲ್ಲ. ಬಂಡೆಗೆ ಹಣೆ ಒತ್ತಿ ಅತ್ತರು. ನಲವತ್ತು ವರ್ಷ ತಡವಾಗಿ ಬಂದ ಅಳು, ಬೇಗ ನಿಲ್ಲಲಿಲ್ಲ. ಕಾವಲಿನವನು ನಮ್ಮನ್ನು ಕರೆಯಲಿಲ್ಲ.

ಹೊರಗೆ ಬಂದ ಮೇಲೆ ನನಗೆ ಹಗುರವಾಗಿತ್ತು. ಕೊನೆಗೂ ಮುಗಿಯಿತು ಎಂದುಕೊಂಡು ಸ್ಟೇಷನ್ನಿಗೆ ಆಟೋ ಕರೆದೆ. ಅಕ್ಕ ಹತ್ತಲಿಲ್ಲ. ಚೀಲದಿಂದ ಇನ್ನೊಂದು ಬಾಟಲಿ ತೆಗೆದು ತೋರಿಸಿದರು, ಅದರಲ್ಲೂ ಹಾಲು.

"ಇನ್ನ ಆ ಬದಿ ಹೋಗಬೇಕಲ್ರಿ."

"ಯಾಕಕ್ಕ? ಅಲ್ಲಿ ನಿಮ್ಮ ಮಗು ಇಲ್ಲವಲ್ಲ."

"ನನ್ನ ಕೂಸಿಲ್ಲ. ಆದ್ರ ಎರಡು ವರ್ಷ ಕುಡಿ ಕುಡಿ ಅಂತ ಕರದೀನಿ. ನೀವ ಅಂದ್ರೆಲ್ಲ, ಬೆನ್ನ ಹಿಂದ ಯಾರೋ ನಿಂತಂಗ ಆಗತೈತಿ ಅಂತ. ಆ ಗುಡ್ಡದ ಸುತ್ತಾಕಡೆ ನಮ್ಮಂಥವರ ಕೂಸು ಒಂದ ಎರಡ? ಯಾವದೋ ಬಂದು ಕುಡದೈತಿ. ರುಚಿ ಹತ್ತಿರತೈತಿ ಅದಕ್ಕ. ಈಗ ನಾ ಬಿಟ್ಟರ ದಾರಿ ಕಾಯತೈತ್ರಿ."

ಆಟೋ ಬೇಲಾಪುರದ ಕಡೆ ತಿರುಗಿತು. ಪೆಟ್ಟಿಗೆಯ ಹಿಂದಿನ ಪೊದೆಯ ಮುಂದೆ ಅಕ್ಕ ಯಾವ ಭೇದವೂ ಇಲ್ಲದೆ ಅಷ್ಟೇ ಹಾಲು ಎರೆದರು, ಅವೇ ಎರಡು ಮಾತು ಹೇಳಿದರು. ಅಲ್ಲಿಂದ ಮುಂದೆ ಅಮಾವಾಸ್ಯೆಗೆ ಎರಡು ಬಾಟಲಿ, ಎರಡು ಬದಿ. ನನ್ನ ತಪ್ಪಿನಿಂದ ಹುಟ್ಟಿದ ಕರ್ತವ್ಯವನ್ನು ಅವರು ತಮ್ಮದೆಂದೇ ಹೊತ್ತರು, ಒಮ್ಮೆಯೂ ಆಡಿ ತೋರಿಸಲಿಲ್ಲ.

ಹೋದ ವರ್ಷ ಮಳೆಗಾಲದ ಕೊನೆಯಲ್ಲಿ ಅಕ್ಕ ಮಲಗಿದರು. ಕಾಮಾಲೆ ಎಂದರು, ಆಮೇಲೆ ಲಿವರು ಎಂದರು. ಕಲ್ಯಾಣದ ಆಸ್ಪತ್ರೆಯಲ್ಲಿ ನೋಡಲು ಹೋದಾಗ ಮಂಚದ ಪಕ್ಕದ ಗೋಡೆಯನ್ನು ತಟ್ಟಿ, "ಇದು ಗಟ್ಟಿ ಐತಿ," ಎಂದರು. ನನ್ನ ಕೈ ಹಿಡಿದುಕೊಂಡು ಅಮಾವಾಸ್ಯೆ ಯಾವಾಗ ಎಂದು ಕೇಳಿದರು. ಹೇಳಿದೆ. "ಎರಡೂ ಬದಿ ರಿ," ಎಂದರು. ಗೆರೆಯಿಲ್ಲದ ಆ ಅಂಗೈ ನನ್ನ ಕೈಯೊಳಗೆ ನುಣ್ಣಗಿತ್ತು, ಬಿಸಿಯಾಗಿತ್ತು. ಮೂರು ದಿನದ ಮೇಲೆ ಮಗ ಫೋನು ಮಾಡಿದ. "ಆಂಟೀ, ಅವ್ವಾ ಗಯೀ," ಎಂದ.

ಮಣ್ಣು ಮಾಡಿದ ಮೂರನೆಯ ದಿನ ಹಾಲುತುಪ್ಪಕ್ಕೆ ನಾನೂ ಹೋದೆ. ಇಲ್ಲೇ ಹುಟ್ಟಿ ಬೆಳೆದ ಆ ಮಗನಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಲೋಟ ಹಿಡಿದು ನನ್ನ ಕಡೆ ತಿರುಗಿ, "ಕ್ಯಾ ಬೋಲ್ನೇ ಕಾ?" ಎಂದು, ಏನು ಹೇಳಬೇಕೆಂದು ಕೇಳಿದ. ಹೇಳಿಕೊಟ್ಟೆ. ಅವನು ತೊದಲುತ್ತ "ಬಂದೀನಿ ಅವ್ವಾ. ಕುಡಿ," ಎಂದ. ಅಕ್ಕನಿಗೆ ಸರಿಯಾದ ದಿನ, ಸರಿಯಾದ ಜಾಗದಲ್ಲಿ ಹಾಲು ಸಿಕ್ಕಿತು. ಅದೊಂದು ಸಮಾಧಾನ ನನಗಿದೆ.

ಈಗ ಅಮಾವಾಸ್ಯೆಗೆ ನಾನೇ ಹೋಗುತ್ತೇನೆ. ನೆರೂಲಿನ ಕಾವಲಿನ ಮುದುಕ ಗುರುತು ಹಿಡಿಯುತ್ತಾನೆ, ಕೇಳದೆಯೇ ಗೆರೆ ಎಳೆದು ಒಳಗೆ ಬಿಡುತ್ತಾನೆ. ಆದರೆ ನಾನು ಮೊದಲು ಇಳಿಯುವುದು ಬೇಲಾಪುರದಲ್ಲಿ. ಪೊದೆ ಸರಿಸಿ ಹಾಲು ಎರೆದು, ನನ್ನ ಮೈಸೂರಿನ ನಾಲಗೆಯಲ್ಲಿ ಅಕ್ಕನ ಆ ಎರಡು ಮಾತನ್ನು ಹೇಳಿ, ಬೆನ್ನ ಹಿಂದಿನ ಉಸಿರು ಕೇಳುವವರೆಗೆ ಅಲ್ಲೇ ಕುಳಿತಿರುತ್ತೇನೆ. ಮೊದಲಿನ ಹಾಗೆ ಈಗ ಹೆದರಿಕೆಯಾಗುವುದಿಲ್ಲ. ನೆರೂಲಿನ ಕೂಸಿಗೆ ಅದರ ಅವ್ವ ಸಿಕ್ಕಿರಬೇಕು. ಬೇಲಾಪುರದಲ್ಲಿ ಕಾಯುತ್ತಿರುವುದಕ್ಕೆ ನನ್ನ ಹೊರತು ಯಾರೂ ಇಲ್ಲ.